ಮದ್ದಿಗೆಂದು ಕೊಟ್ಟ ಹುಡುಗಿ

ಹೊಸಮನೆ, ಶಿವಮೊಗ್ಗ
೮-೧೧-೨೦೦೩, ಶನಿವಾರ

ಭದ್ರಾವತಿಯಲ್ಲಿರುವ ನನ್ನ ಅಣ್ಣ ಮುರುಗೇಶಪ್ಪನಿಗೆ ತಂಗಿ ಜಗದಾಂಬಾಳ ಶರಣು.

ನೀವೆಲ್ಲ ಆರಾಮವಾಗಿದ್ದೀರೆಂದು ನಂಬಿದ್ದೇನೆ. ಅತ್ತಿಗೆಯ ಮಂಡಿನೋವು ಹೇಗಿದೆ? ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಬರೆಯಲಿಲ್ಲ, ತಪ್ಪಾಯಿತು. ಫೋನಾದರೂ ಮಾಡಬಾರದಿತ್ತೇ ಎಂದು ಬೈದುಕೊಂಡಿರುತ್ತೀಯ. ನಮ್ಮ ಮನೆಯ ಫೋನು ಎರಡು ಹೋಳಾಗಿ ಹಜಾರದ ಮೂಲೆಯಲ್ಲಿ ಬಿದ್ದಿದೆ. ಬೂತಿನಿಂದ ಮಾಡೋಣವೆಂದರೆ, ಹಿಂದೆ ನಾಲ್ಕು ಜನ ಕಾಯುತ್ತ ನಿಂತಿರುವಾಗ ಹೇಳುವ ಸುದ್ದಿಯಲ್ಲ ಇದು. ಸುತ್ತಿಬಳಸುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಮುಂದಿನ ಭಾನುವಾರ ಎಲೆಅಡಿಕೆ ಹಿಡಿದು ವಿನೋಬನಗರದ ನಮ್ಮ ಮನೆಗೆ ಬರಬೇಡ. ನಿನ್ನ ಮಗಳು ಪ್ರಿಯದರ್ಶಿನಿಯನ್ನು ನನ್ನ ಮಗ ರುದ್ರೇಶನಿಗೆ ಕೊಡಬೇಡ. ಕೋಪ ಬಂದರೆ ಬರಲಿ, ಕಾಗದ ಹರಿಯುವ ಮುಂಚೆ ಪೂರ್ತಿ ಓದು.

ನಾನೀಗ ಮನೆಯಲ್ಲಿಲ್ಲ. ಹೊಸಮನೆಯಲ್ಲಿ ಸತ್ಯಭಾಮಾಳ ಮನೆಗೆ ಬಂದಿದ್ದೇನೆ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದಳಲ್ಲ, ಈಗ ಟೀಚರು, ಅವಳೇ. ನನ್ನ ಎಡಗೈಗೆ ಪ್ಲಾಸ್ಟರ್ ಹಾಕಿದ್ದಾರೆ, ಹಣೆಗೆ ಹೊಲಿಗೆ ಬಿದ್ದಿದೆ. ಬಲಗೈ ನೆಟ್ಟಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಬಿದ್ದುಬಿಟ್ಟೆ ಎಂದು ಡಾಕ್ಟರಿಗೆ ಹೇಳಬಹುದು, ನಿನಗೆ ಹೇಳಲಾರೆ. ಹೊಡೆದದ್ದು ರುದ್ರೇಶ.

ಅವನ ಕಾಯಿಲೆಯ ವಿಷಯ ನಿನಗೆ ಅರ್ಧ ಗೊತ್ತು. ಮಲವಗೊಪ್ಪದ ಆಚೆ ಎರಕದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆದ ಮೇಲೆ ಎದೆ ಡವಡವ ಎನ್ನುವುದು ಶುರುವಾಯಿತು. ಎರಕದ ಮಾಲು ಬಿರುಕು ಬಿಟ್ಟು ವಾಪಸು ಬಂದರೆ ಮಾಲೀಕ ಎಲ್ಲರೆದುರು ಇವನಿಗೆ ಉಗಿಯುತ್ತಾನಂತೆ. ನಿದ್ದೆಯಿಲ್ಲ, ಅನ್ನ ಸೇರುವುದಿಲ್ಲ, ಕೈ ನಡುಗುತ್ತದೆ. ಡಾಕ್ಟರು ಇ.ಸಿ.ಜಿ. ತೆಗೆದು ನೋಡಿ, "ಹಾರ್ಟಿಗೇನೂ ಆಗಿಲ್ಲಮ್ಮ, ಇದೆಲ್ಲ ಟೆನ್ಷನ್. ಮಾನಸಿಕ ವೈದ್ಯರಿಗೆ ಒಂದ್ಸಲ ತೋರಿಸಿ" ಎಂದರು. ಆ ಮಾತು ಹೊರಗೆ ಬಿದ್ದದ್ದೇ ತಡ, ನೆಂಟರು ನೆರೆಯವರೆಲ್ಲ ವೈದ್ಯರಾದರು. ಅಲ್ಲಿಗೆ ಹೋದರೆ ಹುಚ್ಚನೆಂಬ ಹೆಸರು ಬರುತ್ತದೆ, ಆ ಮಾತ್ರೆ ಒಮ್ಮೆ ಹಿಡಿದರೆ ಬಿಡಿಸಲಾಗುವುದಿಲ್ಲ, ಹೆಣ್ಣು ಸಿಗುವುದಿಲ್ಲ. ನೀನೂ ಅಂದೆ, "ಮಾತ್ರೆ ಗೀತ್ರೆ ಬ್ಯಾಡ ಜಗದಾ, ಪ್ರಕೃತಿಯಲ್ಲೇ ಎಲ್ಲದಕ್ಕೂ ಔಷಧಿ ಐತೆ" ಅಂತ.

ಸರಿ, ಪ್ರಕೃತಿಯಲ್ಲಿ ಇದ್ದದ್ದನ್ನೆಲ್ಲ ತಂದು ಅಡುಗೆಮನೆಯಲ್ಲಿ ಗುಡ್ಡೆ ಹಾಕಿದೆ. ಬೆಳಿಗ್ಗೆ ಬೂದುಗುಂಬಳದ ರಸ, ಮಧ್ಯಾಹ್ನ ಒಂದೆಲಗದ ಚಟ್ನಿ, ಕುಡಿಯಲು ಲಾವಂಚ ಹಾಕಿದ ನೀರು. ಹೊಟ್ಟೆಯ ಮೇಲೆ ಹುತ್ತದ ಮಣ್ಣಿನ ಪಟ್ಟಿ. ಎದುರುಮನೆಯ ರೇಣುಕಾಪ್ರಸಾದ್ ಎಂಬುವರು ಬ್ಯಾಂಕಿನಿಂದ ನಿವೃತ್ತರಾಗಿ ಪಾರ್ಕಿನಲ್ಲಿ ಪ್ರಾಣಾಯಾಮ ಹೇಳಿಕೊಡುತ್ತಾರೆ, ಅವರ ಕೈಗೆ ಇವನನ್ನು ಒಪ್ಪಿಸಿದೆ. ಎಡಗಡೆ ಮೂಗಿನಲ್ಲಿ ಉಸಿರು ಎಳೆದರೆ ಮೈ ತಂಪಾಗುತ್ತದಂತೆ. ನಾನೂ ಪಕ್ಕದಲ್ಲಿ ಕೂತು ಎಳೆದೆ. ನನಗಂತೂ ಒಳ್ಳೆಯ ನಿದ್ದೆ ಬಂತು.

ನೆತ್ತಿಗೆ ಬ್ರಾಹ್ಮಿ ಎಣ್ಣೆ ತಟ್ಟುವ ಕೆಲಸವೂ ನನ್ನದೇ. ಒಂದು ದಿನ ಎಣ್ಣೆ ಸ್ವಲ್ಪ ಬಿಸಿ ಹೆಚ್ಚಾಗಿತ್ತು. "ನನ್ನ ಸುಟ್ಟು ಹಾಕ್ಬೇಕು ಅಂತ ಮಾಡಿದೀಯಾ?" ಎಂದವನೇ ಹಿತ್ತಾಳೆ ಬಟ್ಟಲನ್ನು ನನ್ನ ಮುಖಕ್ಕೆ ಬೀಸಿ ಹೊಡೆದ. ತುಟಿ ಸೀಳಿತು, ಒಂದು ಹಲ್ಲು ಅಲ್ಲಾಡತೊಡಗಿತು. ಕಣ್ಣಿಗಿಳಿದ ಎಣ್ಣೆ ಒರೆಸಿಕೊಳ್ಳುತ್ತ, ಪಾಪ, ಕಾಯಿಲೆಯ ಹುಡುಗ, ಪಿತ್ತ ನೆತ್ತಿಗೇರಿದೆ ಎಂದುಕೊಂಡೆ. ಮರುದಿನ ಎಣ್ಣೆ ಆರಿಸಿಯೇ ತಟ್ಟಿದೆ.

ಇನ್ನೊಂದು ದಿನ ಅವನು ಕಣ್ಣುಮುಚ್ಚಿ ಕೂತಾಗ ಕುಕ್ಕರ್ ಕೂಗಿತು. ಬೇಳೆ ಬೇಯಬೇಡವೇ? ಎದ್ದು ಬಂದು ಕುಕ್ಕರನ್ನೇ ಎತ್ತಿ ಗೋಡೆಗೆ ಅಪ್ಪಳಿಸಿದ. ಮುಚ್ಚಳ ಹಾರಿತು, ಬಿಸಿ ಬೇಳೆ ನನ್ನ ಪಾದದ ಮೇಲೆ ಸುರಿದು ಚರ್ಮ ಸುಲಿದುಬಂತು. ದೀಪಾವಳಿಗೆ ನಿಮ್ಮ ಮನೆಗೆ ಬಂದಾಗ ಅತ್ತಿಗೆ ಕೇಳಿದರಲ್ಲ, ಕಾಲಿಗೇನಾಯಿತು ಎಂದು? ನಾನು ನಗಾಡಿ ಮಾತು ಹಾರಿಸಿದೆ.

ಪಾರ್ಕಿನ ನಗೆಕೂಟದ್ದು ಕೇಳಿದರೆ ನಿನಗೆ ನಗುವೂ ಬರುತ್ತದೆ. ಬೆಳಿಗ್ಗೆ ಮುದುಕರೆಲ್ಲ ಸುತ್ತ ನಿಂತು, ಕೈ ಮೇಲೆತ್ತಿ ಹೋ ಹೋ ಎಂದು ನಗುತ್ತಾರೆ. ನಕ್ಕರೆ ಟೆನ್ಷನ್ ಇಳಿಯುತ್ತದಂತೆ. ಎದುರು ನಿಂತಿದ್ದ ಶೇಷಪ್ಪ ಎಂಬ ಸಣಕಲು ಮುದುಕರು ತನ್ನ ಮುಖ ನೋಡಿಯೇ ನಕ್ಕರು ಎಂದು ಇವನಿಗೆ ಅನಿಸಿದೆ. ನೀರಿನ ಬಾಟಲಿಯಿಂದ ಮುಖಕ್ಕೆ ಚಚ್ಚಿದ್ದಾನೆ. ಕನ್ನಡಕದ ಗಾಜು ಕೆನ್ನೆಗೆ ಹೊಕ್ಕು ಅವರ ಬಿಳಿ ಅಂಗಿಯೆಲ್ಲ ರಕ್ತ. ಹಿಂದೆ ಇದ್ದವರು ಇನ್ನೂ ನಗುತ್ತಲೇ ಇದ್ದರಂತೆ, ಅವರಿಗೆ ಗೊತ್ತಾಗಿಲ್ಲ. ನಾನು ಹೋಗಿ ಕಾಲು ಹಿಡಿದುಕೊಂಡೆ. ಶೇಷಪ್ಪನವರು ದೊಡ್ಡ ಮನಸ್ಸು ಮಾಡಿ, "ಹೋಗ್ಲಿ ಬಿಡಮ್ಮ, ಹುಡುಗನಿಗೊಂದು ಮದುವೆ ಮಾಡು, ಎಲ್ಲಾ ಸರಿಹೋಗುತ್ತೆ" ಎಂದರು. ಕೆನ್ನೆಗೆ ಹತ್ತಿ ಒತ್ತಿಕೊಂಡೇ ಹೇಳಿದರು ಅಣ್ಣ. ಅಲ್ಲಿಂದ ಎಲ್ಲರ ಬಾಯಲ್ಲೂ ಅದೇ. ರಸ, ಮಣ್ಣು, ಎಣ್ಣೆ, ಗಾಳಿ ಎಲ್ಲ ಆಯಿತು, ಇನ್ನು ಉಳಿದ ಔಷಧಿ ಅದೊಂದೇ. ಪ್ರಿಯಾಳನ್ನು ಕೊಡುತ್ತೇನೆಂದು ನಿನ್ನ ಕಾಗದ ಬಂದದ್ದೂ ಆಗಲೇ.

ನಾನೂ ಆಸೆಪಟ್ಟೆ. ಸುಳ್ಳು ಹೇಳುವುದಿಲ್ಲ. ನಮ್ಮ ಮನೆಯವರು ಹೋದ ಮೇಲೆ ಈ ಮನೆಯಲ್ಲಿ ನಾನು, ಅವನು ಇಬ್ಬರೇ. ಪ್ರಿಯಾ ಬಂದರೆ ಮನೆಯಲ್ಲಿ ಮಾತು ಕೇಳಿಸುತ್ತದೆ ಎನಿಸಿತು. ದೀಪಾವಳಿಗೆ ಅವಳು ಚಹಾ ತಂದುಕೊಟ್ಟಾಗ ಇವನು ತಲೆತಗ್ಗಿಸಿ ಥ್ಯಾಂಕ್ಸ್ ಅಂದನಲ್ಲ, ನಿನ್ನ ಜೊತೆ ಕೇರಂ ಆಡಿ ಸೋತು ನಕ್ಕನಲ್ಲ, ಎಷ್ಟು ಸಾಧು ಹುಡುಗ ಎಂದೆ ನೀನು. ವಾಪಸು ಬರುವಾಗ ಬಸ್ಸು ಭರ್ತಿ ಜನ. ದಾಂಡಿಗನಂಥ ಒಬ್ಬ ಇವನ ಕಾಲನ್ನು ಬೂಟುಗಾಲಿನಲ್ಲಿ ತುಳಿದ. ಇವನ ಕಣ್ಣಲ್ಲಿ ನೀರು ಬಂತು, ಆದರೂ "ಪರವಾಗಿಲ್ಲ ಸಾರ್" ಎಂದ. ಮನೆ ತಲುಪಿದೆವು. ಬೀಗದ ಕೈ ಬೇಗ ಸಿಗಲಿಲ್ಲ, ಚೀಲದಲ್ಲಿ ತಡಕಾಡುತ್ತಿದ್ದೆ. ಹಿಂದಿನಿಂದ ಸೊಂಟಕ್ಕೆ ಒದ್ದ. ಹೊಸ್ತಿಲ ಮೇಲೆ ಬೋರಲು ಬಿದ್ದೆ. ಅತ್ತಿಗೆ ಕಟ್ಟಿಕೊಟ್ಟಿದ್ದ ಕರ್ಜಿಕಾಯಿ ಎಲ್ಲ ಪುಡಿಪುಡಿ.

ಆವತ್ತು ಬಿದ್ದಲ್ಲೇ ನನಗೆ ಹೊಳೆಯಿತು. ಈ ಪಿತ್ತಕ್ಕೆ ಕಣ್ಣಿದೆ. ಬೂಟು ಹಾಕಿದವನನ್ನು ಗುರುತಿಸುತ್ತದೆ, ಮಾಲೀಕನನ್ನು ಗುರುತಿಸುತ್ತದೆ, ಅವರ ಮುಂದೆ ಬಾಲ ಮುದುರುತ್ತದೆ. ಅವನಿಗಿಂತ ಗಟ್ಟಿಯಾಗಿರುವ ಯಾರ ಮೇಲೂ ಅದು ಈವರೆಗೆ ನೆತ್ತಿಗೇರಿಲ್ಲ.

ಇನ್ನು ಈ ಬುಧವಾರದ್ದು. ಬೆಳಿಗ್ಗೆ ಅವನು ಚಾಪೆ ಹಾಸಿ ಉಸಿರಾಟ ಮಾಡುತ್ತಿದ್ದ, ನಾನು ಬೂದುಗುಂಬಳ ತುರಿಯುತ್ತಿದ್ದೆ. ಫೋನು ಬಂತು. ಮಾಲೀಕ ಇರಬೇಕು, "ಯೆಸ್ ಸಾರ್, ಸಾರಿ ಸಾರ್, ನಂದೇ ತಪ್ಪು ಸಾರ್" ಎನ್ನುತ್ತಿದ್ದ. ಅಷ್ಟು ಮೆದುವಾಗಿ ನನ್ನ ಜೊತೆ ಅವನು ಮಾತಾಡಿ ಎಷ್ಟು ಕಾಲವಾಯಿತೋ. ಆಮೇಲೆ ಫೋನು ನೆಲಕ್ಕೆ ಬಡಿದ ಸದ್ದು. ನೇರ ಅಡುಗೆಮನೆಗೆ ಬಂದ. ನನ್ನ ತುರುಬು ಹಿಡಿದು ಹಣೆಯನ್ನು ಕಟ್ಟೆಯ ಕಲ್ಲಿಗೆ ಜಜ್ಜಿದ. ಮತ್ತೆ ಜಜ್ಜಿದ. "ರುದ್ರಾ, ನಾನು ಕಣೋ, ನಿನ್ನಮ್ಮ" ಎಂದು ಕೂಗಿದೆ. ನಾನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು ಅಣ್ಣ. ಕೆಳಗೆ ಬಿದ್ದ ಮೇಲೆ ಎಡಗೈ ಮೇಲೆ ಕಾಲಿಟ್ಟು ಊರಿ ತುಳಿದ. ಮೂಳೆ ಮುರಿದದ್ದು ನನಗೇ ಕೇಳಿಸಿತು.

ಆಮೇಲೆ ಏನು ಮಾಡಿದ ಗೊತ್ತಾ? ಕೈ ತೊಳೆದುಕೊಂಡು, ಉಪ್ಪಿಟ್ಟು ಬಡಿಸಿಕೊಂಡು, ಚಾಪೆಯ ಮೇಲೆ ಕೂತು ತಿಂದ. ಎರಡನೇ ಸಲವೂ ಹಾಕಿಕೊಂಡ. ಅಲ್ಲಿಂದಲೇ ಹೇಳಿದ, "ಈಗ ಎದೆ ಹಗುರಾಯ್ತು ಕಣಮ್ಮ. ಹಿಂಗೆ ಹಸಿವಾಗಿ ಎಷ್ಟು ದಿನ ಆಗಿತ್ತು." ದನಿಯಲ್ಲಿ ಎಷ್ಟು ನೆಮ್ಮದಿ! ನಾನು ಸೀರೆಯ ಸೆರಗನ್ನು ಹಣೆಗೆ ಒತ್ತಿಕೊಂಡು ನೆಲದ ಮೇಲಿದ್ದೆ. ಅಷ್ಟರಲ್ಲಿ ರೇಣುಕಾಪ್ರಸಾದ್ ಬಂದರು, ಪಾರ್ಕಿಗೆ ಯಾಕೆ ಬರಲಿಲ್ಲ ಎಂದು ವಿಚಾರಿಸಲು. ಹಜಾರದಲ್ಲೇ ಇವನ ನಾಡಿ ಹಿಡಿದು ನೋಡಿದರು. "ಆಹಾ, ಎಷ್ಟು ಶಾಂತವಾಗಿದೆ! ಜಗದಾಂಬಮ್ನೋರೆ, ನೋಡಿದ್ರಾ ಪ್ರಾಣಾಯಾಮದ ಮಹಿಮೆ? ಇನ್ನು ತಡ ಮಾಡ್ಬೇಡಿ, ಮದುವೆ ಮಾಡಿಬಿಡಿ" ಎಂದು ಅಡುಗೆಮನೆಯ ಕಡೆ ಕೂಗಿ ಹೇಳಿದರು. ನಾನು ಗೋಡೆ ಹಿಡಿದು ಏಳುವಷ್ಟರಲ್ಲಿ ಅವರು ಹೊರಟುಹೋದರು. ಇವನು ಕೆಲಸಕ್ಕೆ ಹೋದ ಮೇಲೆ ಆಟೋ ಹಿಡಿದು ಸತ್ಯಭಾಮಾಳ ಮನೆಗೆ ಬಂದೆ.

ಆ ನಾಡಿ ಸುಳ್ಳು ಹೇಳಿರಲಿಲ್ಲ. ಅದೇ ನನ್ನನ್ನು ಕೊರೆಯುತ್ತಿರುವುದು. ಹಿಂದಿನದೆಲ್ಲ ನೆನಪು ಮಾಡಿಕೊಂಡೆ. ಬಟ್ಟಲು ಬೀಸಿದ ದಿನ ಚೆನ್ನಾಗಿ ಮಲಗಿದ್ದ. ಕುಕ್ಕರ್ ಒಗೆದ ದಿನ ರೇಡಿಯೋ ಹಾಕಿಕೊಂಡು ಗುನುಗುತ್ತಿದ್ದ. ನಾವು ಹಾಕಿದ ಎಣ್ಣೆ ಮಣ್ಣು ಯಾವುದೂ ಅವನಿಗೆ ಹಿಡಿಸಿಲ್ಲ. ಅವನಿಗೆ ಹಿಡಿಸಿದ ಔಷಧಿ ನನ್ನ ಮೈ. ಈಗ ಆ ಔಷಧಿ ಹಳತಾಯಿತೆಂದು ಊರವರೆಲ್ಲ ಸೇರಿ ಹೊಸದೊಂದನ್ನು ಹುಡುಕುತ್ತಿದ್ದಾರೆ, ಇಪ್ಪತ್ತಮೂರು ವರ್ಷದ್ದು, ನೀನು ಹೆಗಲ ಮೇಲೆ ಹೊತ್ತು ಬೆಳೆಸಿದ್ದು.

ಅವನು ರಾಕ್ಷಸನೆಂದು ಬರೆಯಲು ಕೈ ಬರುವುದಿಲ್ಲ. ಅವನ ಸಂಕಟ ನಿಜ. ಎದೆ ಹಿಡಿದುಕೊಂಡು ಸಾಯ್ತೀನಮ್ಮ ಎಂದು ನನ್ನ ಮಡಿಲಲ್ಲಿ ಬೆವರಿದ್ದೂ ನಿಜ. ಎಣ್ಣೆಯ ತಪ್ಪೂ ಇಲ್ಲ. ಇಲ್ಲಿ ಸತ್ಯಭಾಮಾ ನನ್ನ ತಲೆಗೆ ಅದನ್ನೇ ತಟ್ಟುತ್ತಾಳೆ, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. "ಎಷ್ಟು ದಿನ ಬೇಕಾದ್ರೂ ಇರೇ ಮಾರಾಯ್ತಿ, ಆದ್ರೆ ಪೊಲೀಸಿಗೆ ಹೋಗೋಣ ಬಾ" ಎನ್ನುತ್ತಾಳೆ. ಹೋಗಬೇಕು ಎಂದು ನನಗೂ ಗೊತ್ತು. ಕಾಲು ಇನ್ನೂ ಏಳುತ್ತಿಲ್ಲ. ರುದ್ರೇಶನಿಗೆ ರೇಣುಕಾಪ್ರಸಾದರ ಮೂಲಕ ಹೇಳಿ ಕಳಿಸಿದ್ದೇನೆ, ಡಾಕ್ಟರು ಬರೆದುಕೊಟ್ಟ ಆ ಮಾನಸಿಕ ವೈದ್ಯರ ಹತ್ತಿರ ಹೋಗು, ಅಲ್ಲಿಯವರೆಗೆ ನಾನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು. ಹಣೆಯ ಹೊಲಿಗೆ ತೋರಿಸಿದಾಗ ಪಾಪ ಆ ಮನುಷ್ಯರು ಬಾಗಿಲಲ್ಲೇ ಕುಸಿದು ಕೂತರು.

ಬಂಧುಗಳು ಕೇಳಿದರೆ ಜಾತಕ ಕೂಡಲಿಲ್ಲ, ಮುಹೂರ್ತ ಇಲ್ಲ ಎಂದು ನೆಪ ಹೇಳಬೇಡ. ಹುಡುಗನ ತಾಯಿಯೇ ಬೇಡ ಅಂದಳು ಎನ್ನು. ಯಾಕೆ ಎಂದರೆ ಈ ಕಾಗದ ತೋರಿಸು. ಪ್ರಿಯಾ ಬಿ.ಎಡ್. ಮುಗಿಸಲಿ. ಅವಳಿಗೆ ಈ ಅತ್ತೆಯ ಆಶೀರ್ವಾದ ಯಾವತ್ತೂ ಇರುತ್ತದೆ. ಆ ಬಸವಣ್ಣ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ. ಅತ್ತಿಗೆಗೆ ಶರಣು ತಿಳಿಸು.

ನಿನ್ನ ತಂಗಿ,
ಜಗದಾಂಬಾ

ಸಹಿ ಹಾಕಿದ ಮೇಲೆ ಬರೆದದ್ದು:

ಇಷ್ಟಕ್ಕೇ ಮುಗಿಸೋಣವೆಂದುಕೊಂಡಿದ್ದೆ, ಆಗಲಿಲ್ಲ. ನನ್ನನ್ನು ನೋಡಲು ಬಂದ ದಿನ ಭದ್ರಾವತಿಯ ಮನೆಯಲ್ಲಿ ನಾನು ಬಾಗಿಲ ಹಿಂದೆ ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ನನ್ನ ಅತ್ತೆಯಾಗುವವರು ಅಪ್ಪನಿಗೆ ಹೇಳಿದರು, "ಹುಡುಗ ಸ್ವಲ್ಪ ಮುಂಗೋಪಿ. ಸಂಸಾರ ಅಂತ ಆದ್ರೆ ತಣ್ಣಗಾಗ್ತಾನೆ." ಅಪ್ಪ ತಲೆಯಾಡಿಸಿದರು. ನೀನು ಕೇಳಿದೆ, "ಕೈ ಗೈ ಮಾಡ್ತಾರಾ?" ಅಂತ. ಅಣ್ಣ ಕೇಳಿದ ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ ತಟ್ಟೆಯ ಲೋಟಗಳು ಅಲ್ಲಾಡಿದವು. ಅವರು ಇಲ್ಲ ಎನ್ನಲಿಲ್ಲ. ಯಾರೂ ಮಾತಾಡಲಿಲ್ಲ. ಕೊನೆಗೆ ನೀನೇ ಅಂದೆ, "ಇರ್ಲಿ ಬಿಡಿ, ನಮ್ ಜಗದಾ ತಡ್ಕೋತಾಳೆ."

ತಡೆದುಕೊಂಡೆ. ನಮ್ಮ ಮನೆಯವರು ತೀರಿಕೊಂಡಾಗ, ಕೊನೆಕೊನೆಗೆ ಎಷ್ಟು ತಣ್ಣಗಾಗಿದ್ದರು ಎಂದು ನೀನು ಬಂದವರಿಗೆಲ್ಲ ಹೇಳುತ್ತಿದ್ದೆ. ಅವರು ತಣ್ಣಗಾದದ್ದು ನನ್ನಿಂದಲ್ಲ ಅಣ್ಣ. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ.

ಪ್ರಿಯಾಳನ್ನು ಕೇಳಿಕೊಂಡು ನಾಳೆ ಬೇರೆ ಯಾರಾದರೂ ಬರುತ್ತಾರೆ. ನೀನು ಅದೇ ಪ್ರಶ್ನೆ ಕೇಳು. ಅವರು ಉತ್ತರ ಕೊಡುವವರೆಗೆ ನೀನು ಬಾಯಿ ತೆರೆಯಬೇಡ.