ತೊಳೆದ ಕೈ

೧೦ ಆಗಸ್ಟ್ ೧೯೯೩, ಮಂಗಳವಾರ, ನಿಪ್ಪಾಣಿ

ಕೈ ಮೂಸಿ ಮೂಸಿ ತಲೆ ಕೆಟ್ಟಿದೆ.

ಸಂಜೆ ಬೋರ್ಡಿಂಗಿನ ಹಾಲ್‌ನಲ್ಲಿ ಎಲ್ಲರೂ ಟಿವಿ ಮುಂದೆ ಕುಳಿತಿದ್ದೆವು. ಪತ್ತೇದಾರಿ ಧಾರಾವಾಹಿ. ಧೂಳು ಹಿಡಿದ ಮನೆಯಲ್ಲಿ ಒಂದು ಕಪಾಟು ಮಾತ್ರ ಫಳಫಳ ಹೊಳೆಯುತ್ತಿತ್ತು. ಅದನ್ನು ಒರೆಸಿದವನೇ ಕಳ್ಳ ಎಂದು ಡಿಟೆಕ್ಟಿವ್ ಹೇಳುತ್ತಿದ್ದಂತೆ ಕರೆಂಟ್ ಹೋಯಿತು. ಕತ್ತಲಲ್ಲಿ ಯಾರಿಗೆ ಕಾಣುತ್ತದೆ ಎಂದು ಜೇಬಿನಲ್ಲಿದ್ದ ಉಳ್ಳಾಗಡ್ಡಿ ಭಜಿ ಬಾಯಿಗೆ ಹಾಕಿಕೊಂಡೆ. ಕಾಣಲಿಲ್ಲ, ನಾರಿತು. ಜೈನ ಬೋರ್ಡಿಂಗು, ಮೇಲೆ ಚಾತುರ್ಮಾಸ. ಹೊತ್ತು ಮುಳುಗಿದ ಮೇಲೆ ಊಟವೇ ಇಲ್ಲ, ಉಳ್ಳಾಗಡ್ಡಿಯಂತೂ ಎಂದಿಗೂ ಇಲ್ಲ.

“ಯಾಂವಲೇ ಅಂವಾ, ಉಳ್ಳಾಗಡ್ಡಿ ತಿನ್ನಾಕತ್ತಾಂವ?” ರೆಕ್ಟರ್ ಜಿನ್ನಪ್ಪ ಸರ್ ಗುಡುಗಿದರು.

“ಡಿಟೆಕ್ಟಿವ್‌ಗ ಕೇಳ್ರಿ ಸರ್,” ಎಂದ ನನ್ನ ರೂಮ್‌ಮೇಟ್ ಪಾಯಗೊಂಡ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ಜೋರಾಗಿಯೇ.

“ನಗ್ರಿ, ನಗ್ರಿ. ಮುಂಜಾನಿ ಎಲ್ಲಾರ ಕೈ ಮೂಸಿ ನೋಡ್ತೀನಿ. ಸಿಕ್ಕಾಂವ ಗಂಟು ಕಟ್ಟೂದ.”

ಬೋರ್ಡಿಂಗ್ ಹೋದರೆ ಕಾಲೇಜೂ ಹೋಯಿತು. ನಮ್ಮೂರು ಕುಡಚಿಯಿಂದ ದಿನಾ ಬಂದುಹೋಗಲು ಆಗುವುದಿಲ್ಲ.

ಸೋಪು ಹಚ್ಚಿ ಹಚ್ಚಿ ತೊಳೆದೆ. ವಾಸನೆ ಪೂರ್ತಿ ಹೋಯಿತು, ರಿಲೀಫ್ ಎಂದುಕೊಂಡು ಮಲಗಲು ಬಂದರೆ ಪಾಯಗೊಂಡ ಮೂಗೆತ್ತಿದ. “ಏನಲೇ, ಮದುವಿ ಗಂಡಿನಂಗ ಘಮ್ ಅನ್ನಾಕತ್ತಿ!”

ಇಡೀ ಬೋರ್ಡಿಂಗಿನಲ್ಲಿ ಸೋಪು ನಾರುವ ಕೈ ನನ್ನದೊಂದೇ. ನಾನೇ ಆ ಕಪಾಟು. ಈಗ ಎದ್ದು ಮಂಚದ ಕೆಳಗಿನ ಧೂಳಿಗೆ ಕೈ ಉಜ್ಜಿಕೊಂಡರೆ, ಪಾಯಗೊಂಡ ಇನ್ನೂ ಎಚ್ಚರವಿದ್ದು ನೋಡಿಬಿಟ್ಟರೆ?