ರೊಟ್ಟಿ ಬಡಿಯುವ ಸದ್ದು

ಅವ್ವಾ,

ನಿನ್ನ ಮೊಮ್ಮಗಳು ಸೃಷ್ಟಿಯನ್ನು ಶಾಲೆ ಬಿಡಿಸಿದೆ. ನೀನು ಬದುಕಿದ್ದಿದ್ದರೆ ನನ್ನನ್ನು ಬೈಯುತ್ತಿದ್ದೆ. ತರಗತಿಯ ಗದ್ದಲದಲ್ಲಿ ಅವಳಿಗೆ ಪಾಠ ತಿಳಿಯುತ್ತಿರಲಿಲ್ಲ. ಕಿವಿ ಮಾತ್ರ ಚೆನ್ನಾಗಿಯೇ ಇದೆಯಂತೆ. ಸುತ್ತ ಸದ್ದಿದ್ದರೆ ಕೇಳಿದ ಮಾತು ತಲೆಯೊಳಗೆ ಕಲಸಿಹೋಗುತ್ತದೆ ಎಂದು ಕಲಬುರಗಿಯ ಡಾಕ್ಟರು ಹೇಳಿದರು. ಇನ್ನು ಮನೆಯಲ್ಲೇ ಓದಿಸಬೇಕು. ಎರಡು ಬಗೆಯ ಪಾಠ ತರಿಸಿದ್ದೇನೆ. ಒಂದು ಮೊಬೈಲಿನಲ್ಲಿ ಕೇಳಿ ಕಲಿಯುವುದು, ಇನ್ನೊಂದು ಚಿತ್ರ ನೋಡುತ್ತ ಎದುರುಬದುರು ಕೂತು ಕಲಿಯುವುದು. ಎಂಟು ದಿನದಿಂದ ಇದನ್ನು ಎತ್ತಿ ಅದನ್ನು ಇಡುತ್ತಿದ್ದೇನೆ. ಒಂದು ಕಡೆ ಕೂರಲಾಗುತ್ತಿಲ್ಲ.

ಇವತ್ತು ರೊಟ್ಟಿ ಬಡಿಯುತ್ತಲೇ ಚಿತ್ರದ ಪಾಠ ಶುರು ಮಾಡಿದೆ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಭೂಸನೂರಿನ ಫ್ಯಾಕ್ಟರಿಗೆ ಹೊರಟಿದ್ದವು. ಮೂರು ಸಲ ಕೇಳಿದರೂ ಅವಳು ಚಿತ್ರ ನೋಡುತ್ತಲೇ ಕೂತಿದ್ದಳು. ಈ ಪುಸ್ತಕವೂ ಆಗಿಬರಲಿಲ್ಲ ಎಂದುಕೊಂಡೆ.

"ಎಷ್ಟ್ ಸಲ ಒದರ್ಬೇಕಬೇ ನಿನಗ?" ಎಂದು ರೇಗಿದೆ.

ಅವಳು ಎದ್ದು ಬಂದು, ಹಿಟ್ಟು ಮೆತ್ತಿದ ನನ್ನ ಕೈಯನ್ನು ಒತ್ತಿ ಹಿಡಿದಳು.

"ಯವ್ವಾ, ಬಡಿಯೋದು ನಿಂದರ್ಸು. ಮಾರಿ ನೋಡಿ ಕೇಳು, ಹೇಳ್ತೇನಿ."

ಬಾಗಿಲು ಹಾಕಿ, ಅವಳ ಎದುರು ಕೂತು, ಮುಖ ನೋಡಿ ಕೇಳಿದೆ. ಐದಕ್ಕೆ ಐದೂ ಸರಿಯಾಗಿ ಹೇಳಿದಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದುಹೋಗಿತ್ತು.

ಚಿತ್ರದ ಪುಸ್ತಕವನ್ನೇ ಇಟ್ಟುಕೊಂಡೆ. ಆದರೂ ಸಮಾಧಾನವಿಲ್ಲ, ಬೆಳಗಿನಿಂದ ಒಳಗೆ ಹೊರಗೆ ತಿರುಗುತ್ತಲೇ ಇದ್ದೇನೆ.

ಎಷ್ಟು ಕರೆದರೂ ನೀನೂ ತಿರುಗಿ ನೋಡುತ್ತಿರಲಿಲ್ಲ. ಓಣಿಯವರೆಲ್ಲ ನಿನ್ನನ್ನು ಕೆಪ್ಪಿ ಎಂದಾಗ ಅವರ ಜೊತೆ ನಾನೂ ನಕ್ಕಿದ್ದೇನೆ. ಅವ್ವಾ, ನಾನು ನಿನ್ನನ್ನು ಕರೆಯುತ್ತಿದ್ದುದು ಯಾವಾಗಲೂ ಬಾಗಿಲಲ್ಲಿ ನಿಂತು, ನಿನ್ನ ಬೆನ್ನ ಹಿಂದಿನಿಂದ, ನೀನು ರೊಟ್ಟಿ ಬಡಿಯುವಾಗ.