ಕೂಸಿನ ತಲೆಗೆ ಕಟ್ಟಿದ ತಪ್ಪು

13-2-1983, ಭಾನುವಾರ, ಜಯನಗರ

ಹೊಟ್ಟೆ ಈಗ ಸುಮ್ಮನಾಗಿದೆ. ನಾಚಿಕೆ ಮಾತ್ರ ಇನ್ನೂ ಇಳಿದಿಲ್ಲ.

ಪಿತ್ತಕೋಶ ತೆಗೆದ ಮೇಲೆ ತುಪ್ಪ, ಎಣ್ಣೆ ಮುಟ್ಟಬೇಡಿ, ಹೊಟ್ಟೆ ತಡೆಯದು ಎಂದು ಡಾಕ್ಟರು ಹೇಳಿದ್ದರು. ಇಂದು ತಂಗಿ ಶಿವಬಸಮ್ಮನ ಮನೆಯಲ್ಲಿ ಅವಳ ಮೊಮ್ಮಗನ ನಾಮಕರಣ. ಬೇಡ ಬೇಡ ಎನ್ನುವಷ್ಟರಲ್ಲಿ ಯಾರೋ ಹೋಳಿಗೆಯ ಮೇಲೆ ತುಪ್ಪ ಸುರಿದೇಬಿಟ್ಟರು. ಪೂಜೆಗೆ ಬಂದ ಅಯ್ಯನವರು ಎದುರಿಗೇ ಕುಳಿತಿದ್ದರು. ತಟ್ಟೆಗೆ ಬಿದ್ದ ಪ್ರಸಾದವನ್ನು ನಮ್ಮಲ್ಲಿ ಬಿಡುವುದುಂಟೆ? ತಿಂದೆ. ಪದ್ಧತಿಯಂತೆ ತಟ್ಟೆ ತೊಳೆದ ನೀರನ್ನೂ ಕುಡಿದೆ.

ಹಿರಿಯಳೆಂದು ಕೂಸನ್ನು ನನ್ನ ಮಡಿಲಲ್ಲೇ ಮಲಗಿಸಿದರು. ಹೆಂಗಸರು ಜೋಗುಳ ಶುರುಮಾಡಿದರು. ಹಾಡು ಮುಗಿಯುವ ತನಕ ತಡೆದುಕೊಂಡೇನು ಅಂದುಕೊಂಡೆ. ಆಗಲಿಲ್ಲ. ಈ ವಯಸ್ಸಿನಲ್ಲಿ, ಅಷ್ಟು ಜನರ ನಡುವೆ, ಉಟ್ಟ ಸೀರೆಯಲ್ಲೇ ಆಗಿಹೋಯಿತು.

ನನ್ನ ಮುಖ ನೋಡಿಯೇ ತಂಗಿಗೆ ತಿಳಿಯಿತು. ಕೂಸನ್ನು ಎತ್ತಿಕೊಂಡು, “ಅಯ್ಯೋ ಕಳ್ಳ! ದೊಡ್ಡಜ್ಜಿ ಸೀರೆನೆಲ್ಲ ಹಾಳ್ ಮಾಡ್ಬಿಟ್ಯಲ್ಲೋ! ಬಾ ಅಕ್ಕ, ಬೇರೆ ಸೀರೆ ಕೊಡ್ತೀನಿ,” ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ಕೂಸನ್ನು ಅದರ ತಾಯಿ, ತನ್ನ ಸೊಸೆಯ ಕೈಗಿತ್ತು, ನನ್ನ ಬೆನ್ನಿಗೆ ಅಂಟಿಕೊಂಡೇ ಬಚ್ಚಲಿಗೆ ನಡೆಸಿದಳು.

ಹೊರಗೆ ನಗುವೋ ನಗು. “ಹೆಸರಿಟ್ಟ ಗಳಿಗೇಲೇ ಕೆಲಸ ಶುರು ಮಾಡ್ದ ನೋಡ್ರೀ!”

ತಂಗಿಯ ಹೊಸ ಸೀರೆ ಉಟ್ಟು ಬಂದು ನಾನೂ ಅವರೊಡನೆ ನಕ್ಕೆ. ಪಾಪ, ಕೂಸಿನ ಬಟ್ಟೆ ಒಣಗಿಯೇ ಇತ್ತು. ತಾಯಿ ಅದನ್ನು ಮುಟ್ಟಿ ನೋಡಿದಳು. ನನ್ನತ್ತ ಒಮ್ಮೆ ನೋಡಿದಳು. ಆಮೇಲೆ ಆ ಒಣ ಬಟ್ಟೆಯನ್ನು ಬಿಚ್ಚಿ, ಕೂಸಿಗೆ ಬೇರೆ ಬಟ್ಟೆ ಹಾಕಿದಳು.

ಸೀರೆ ಒಗೆದು ಕೊಡಲು ಹೋದಾಗ ಆ ಹುಡುಗಿಯ ಮುಖವನ್ನು ಹೇಗೆ ನೋಡಲಿ, ಶಿವನೇ...